ಬರಿದಾಗದ ಅಕ್ಕಿ ಚೀಲ

ಚೀಲ ಬರಿದಾಗಲಿಲ್ಲ ಎನ್ನುವುದು ನಿಜ. ಮೂರು ವಾರ ಯಾರೂ ಅದರಿಂದ ಒಂದು ಕಾಳು ತಿನ್ನಲಿಲ್ಲ, ಅದಕ್ಕೇ ಬರಿದಾಗಲಿಲ್ಲ. ನಡೆದದ್ದು ಇಷ್ಟೇ. ಒಬ್ಬ ಹೆಂಗಸು ಮೂರು ವಾರ ಬಿಡದೆ ಅಷ್ಟು ದಡ್ಡಿಯಾಗಿದ್ದಳಲ್ಲ, ಬೇಕಾದರೆ ಅದನ್ನು ಪವಾಡ ಅನ್ನಿ. ಆ ಹೆಂಗಸು ನಾನೇ.

ಹೋದ ಭಾನುವಾರ ನಂಜನಗೂಡಿನ ನಮ್ಮ ಕ್ರೈಸ್ತ ದೇವಾಲಯದಲ್ಲಿ ಮೂರನೇ ಬೆಂಚಿನಲ್ಲಿ ಕೂತಿದ್ದೆ. ಸಭೆಗೆ ಈಚೆಗೆ ಬಂದಿರುವ ಪಾದ್ರಿ ಅಯ್ಯನವರು ಚಿಕ್ಕ ವಯಸ್ಸಿನವರು, ನನ್ನ ಮೊಮ್ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಒಳ್ಳೆಯ ದನಿ. ಪ್ರಸಂಗದ ನಡುವೆ ಒಂದು ಕಥೆ ಹೇಳಿದರು. ನರಸೀಪುರದಲ್ಲಿ ಒಂದು ಬಡ ಕುಟುಂಬ, ಯಜಮಾನ ಹಾಸಿಗೆ ಹಿಡಿದಿದ್ದ, ಮನೆಯಲ್ಲಿ ಕಾಳಿರಲಿಲ್ಲ, ಆ ತಾಯಿ ಪ್ರಾರ್ಥನೆ ಮಾಡಿದಳು, ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಒಂದು ಚೀಲ ಅಕ್ಕಿ. ಮೂರು ವಾರ ಉಂಡರೂ ಚೀಲ ಕಡಿಮೆಯಾಗಲಿಲ್ಲವಂತೆ, ವಾರವಾರಕ್ಕೂ ಹೆಚ್ಚುತ್ತಲೇ ಹೋಯಿತಂತೆ. ಸುತ್ತ ಕೂತವರು "ಸ್ತೋತ್ರ" ಎಂದರು. ಪಕ್ಕದಲ್ಲಿದ್ದಾಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜಗಲಿ ಎಂದಾಗಲೇ ನನಗೆ ಅನುಮಾನ ಬಂದಿತ್ತು. ವಾರವಾರಕ್ಕೂ ಹೆಚ್ಚಿತು ಎಂದಾಗ ಇದು ನನ್ನದೇ ಚೀಲ ಎಂದು ಖಾತ್ರಿಯಾಯಿತು. ನರಸೀಪುರದಿಂದ ನಂಜನಗೂಡಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ಈ ಕಥೆ ಬರಲು ಮೂವತ್ತು ವರ್ಷದ ಮೇಲೆ ಹಿಡಿದಿದೆ. ದಾರಿಯಲ್ಲಿ ಚೆನ್ನಾಗಿ ಉಂಡು ಮೈ ತುಂಬಿಕೊಂಡು ಬಂದಿದೆ.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಎಲ್ಲರ ಕೈ ಹಿಡಿದು ಮಾತಾಡಿಸುತ್ತಿದ್ದ ಅಯ್ಯನವರಿಗೆ ಹೇಳಿದೆ.

"ಅಯ್ನೋರೇ, ಆ ಚೀಲದ ಅಕ್ಕೀನ ಮೂರು ವಾರ ಯಾರೂ ಉಣ್ಲಿಲ್ಲ."

"ನಿಮಗೆ ಹೇಗೆ ಗೊತ್ತು ಅಜ್ಜಿ?"

"ಉಣ್ದೆ ಇದ್ದೋಳು ನಾನೇ ಅಲ್ವಾ."

ಪಾಪ, ಅವರ ಮುಖ ಸಣ್ಣದಾಯಿತು. ಆದರೂ ಕೈ ಬಿಡಲಿಲ್ಲ. ಹಾಗಾದರೆ ನಡೆದದ್ದನ್ನು ಬರೆದುಕೊಡಿ, ಸಭೆಯ ಪತ್ರಿಕೆಯಲ್ಲಿ ಹಾಕೋಣ ಎಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು ಎಂದೆ. "ಉಣ್ಣದೆ ಇದ್ದದ್ದನ್ನು ಬರೆಯೋದಕ್ಕೆ ಅಷ್ಟು ಓದು ಸಾಕು ಅಜ್ಜಿ" ಎಂದರು. ಹುಡುಗ ಚುರುಕಾಗಿದ್ದಾನೆ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಿಡಿಯಕ್ಕಿ ಎಂದರೇನು ಎಂದು ನಿಮಗೆ ಹೇಳಬೇಕು. ಈಗಿನವರು ಕಾಣಿಕೆಯನ್ನು ಫೋನಿನಲ್ಲೇ ಹಾಕುತ್ತಾರೆ, ತಪ್ಪೇನಿಲ್ಲ. ಆಗ ನರಸೀಪುರದ ನಮ್ಮ ಸಭೆಯಲ್ಲಿ ಇಪ್ಪತ್ತೆರಡು ಮನೆ. ಪ್ರತಿ ಮನೆಯ ಅಡಿಗೆಮನೆಯಲ್ಲೂ ಒಂದು ಡಬ್ಬ. ಅನ್ನಕ್ಕಿಡುವಾಗ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಆ ಡಬ್ಬಕ್ಕೆ ಹಾಕಬೇಕು. ಅಳೆಯುವುದಕ್ಕೆ ಮುಂಚೆ ತೆಗೆದರೆ ಲೆಕ್ಕಕ್ಕಿಲ್ಲ, ಉಣ್ಣುವ ಪಾಲಿನಿಂದ ತೆಗೆದರೆ ಮಾತ್ರ ಅದು ಹಿಡಿಯಕ್ಕಿ ಎಂದು ನಮ್ಮತ್ತೆ ನನಗೆ ಹೇಳಿಕೊಟ್ಟಿದ್ದರು. ಭಾನುವಾರ ಆ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ದೇವಾಲಯದಲ್ಲಿ ಇಟ್ಟಿರುವ ದೊಡ್ಡ ಕುಕ್ಕೆಗೆ ಸುರಿಯುವುದು. ಸಭೆಯಲ್ಲಿ ಯಾರ ಮನೆಯಲ್ಲಿ ತೊಂದರೆ ಇದೆಯೋ ಅವರಿಗೆ ಅದು ಹೋಗುತ್ತಿತ್ತು.

ಇಪ್ಪತ್ತೆರಡು ಮನೆಯ ಅಕ್ಕಿ ಒಂದೇ ಕುಕ್ಕೆಗೆ ಬಿದ್ದರೆ ಹೇಗಿರುತ್ತದೆ ಎಂದು ನೀವೇ ಯೋಚಿಸಿ. ಸಭೆಯ ಲೆಕ್ಕ ನೋಡಿಕೊಳ್ಳುತ್ತಿದ್ದ ಮೇಷ್ಟ್ರ ಮನೆಯ ಸಣ್ಣಕ್ಕಿ, ಗದ್ದೆ ಇದ್ದವರ ಮನೆಯ ದಪ್ಪಕ್ಕಿ, ಸೊಸೈಟಿ ಅಕ್ಕಿ, ಕುಸುಬಲಕ್ಕಿ, ಆಗತಾನೇ ಮಿಲ್ಲಿನಿಂದ ಬಂದ ಹೊಸ ಅಕ್ಕಿ, ಹುಳ ಬಿದ್ದ ಹಳೆಯ ಅಕ್ಕಿ, ನುಚ್ಚು. ಅದರ ಜೊತೆಗೆ ನೆಲ್ಲು, ಕಲ್ಲು. ದೇವರಿಗೆ ಕೊಡುವಾಗ ಜನ ಕಲ್ಲು ಆರಿಸುವುದಿಲ್ಲ. ದೇವರೇ ಆರಿಸಿಕೊಳ್ಳಲಿ ಎಂದು ಬಿಟ್ಟುಬಿಡುತ್ತಾರೆ. ನಮ್ಮ ಸಭೆಯಲ್ಲಿ ದೇವರ ಬದಲು ಆ ಕೆಲಸ ಮಾಡುತ್ತಿದ್ದವಳು ನಾನು.

ನನ್ನ ಗಂಡ ಗಾರೆ ಮೇಸ್ತ್ರಿ. ಕೈ ತುಂಬ ಕೆಲಸ ಇದ್ದ ಮನೆ ನಮ್ಮದು. ನನಗೆ ಹೊತ್ತೂ ಇತ್ತು, ಜಂಬವೂ ಇತ್ತು. ಭಾನುವಾರ ಮಧ್ಯಾಹ್ನ ದೇವಾಲಯದ ಹಿಂದಿನ ಕೋಣೆಯಲ್ಲಿ ಕೂತು ಅಷ್ಟೂ ಅಕ್ಕಿಯನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಚೀಲಕ್ಕೆ ತುಂಬುತ್ತಿದ್ದೆ. ಆ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲೇ, ಇನ್ನೊಂದು ಮೇಷ್ಟ್ರ ಬಳಿ. ಸೋಮವಾರ ಬೆಳಿಗ್ಗೆ ಮೂರು ಮನೆಯವರು ತಮ್ಮ ಚೀಲ ಹಿಡಿದು ಬರುತ್ತಿದ್ದರು. ನಾನು ಸೇರಿನ ತಲೆ ಸವರಿ ಅಳೆದು ಹಾಕುತ್ತಿದ್ದೆ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ನ್ಯಾಯ ಎಂದರೆ ಅದೇ ಎಂದು ತಿಳಿದಿದ್ದೆ.

ಆ ಮೂವರಲ್ಲಿ ಒಬ್ಬಳು ಶಾಂತಮ್ಮ. ಗಂಡ ಸತ್ತು ಎರಡು ವರ್ಷವಾಗಿತ್ತು, ಇಬ್ಬರು ಹೆಣ್ಣುಮಕ್ಕಳು, ಗದ್ದೆ ಕೂಲಿ. ಹೆಸರಷ್ಟೇ ಶಾಂತಮ್ಮ, ಬಾಯಿ ಮಾತ್ರ ಗಿರಣಿ. ಒಂದು ಸೋಮವಾರ ಚೀಲದ ಬಾಯಿ ಕಟ್ಟುತ್ತಾ ಅವಳು, "ಅಕ್ಕ, ಈ ಅಕ್ಕಿ ಒಂದು ಬೆಂದ್ರೆ ಇನ್ನೊಂದು ಬೇಯಾಕಿಲ್ಲ ಕಣಕ್ಕ" ಎಂದಳು. ದೂರಲಿಲ್ಲ, ನಗುತ್ತಲೇ ಹೇಳಿದಳು. ನಾನು ಸೇರು ಕೆಳಗಿಟ್ಟು, "ಬಿಟ್ಟಿ ಅಕ್ಕಿ ಕಣಮ್ಮಿ, ಬೆಂದುದ್ದೇ ಎಚ್ಚು" ಎಂದೆ. ಪಕ್ಕದಲ್ಲಿದ್ದವರು ನಕ್ಕರು. ಶಾಂತಮ್ಮ ಸುಮ್ಮನೆ ಚೀಲ ಎತ್ತಿಕೊಂಡು ಹೋದಳು. ಅವಳು ಸುಮ್ಮನಾದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಇದನ್ನು ಪತ್ರಿಕೆಗೆ ಬರೆಯಬೇಕೇ ಎಂದು ಎರಡು ದಿನ ಯೋಚಿಸಿದೆ. ಬರೆಯದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಆ ವರ್ಷ ಆಷಾಢದಲ್ಲಿ ಯಜಮಾನರು ಬನ್ನೂರಿನಲ್ಲಿ ಯಾರದೋ ಮನೆಯ ಎರಡನೇ ಅಂತಸ್ತಿಗೆ ಗಾರೆ ಮಾಡುತ್ತಿದ್ದರು. ನಿಂತಿದ್ದ ಹಲಗೆ ಜಾರಿತು. ಕೆಳಗೆ ಮರಳಿನ ಗುಡ್ಡೆ ಇತ್ತು, ಜೀವ ಉಳಿಯಿತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದರು. ಬೆನ್ನುಮೂಳೆ ಬಿರುಕು ಬಿಟ್ಟಿದೆ, ಮೂರು ತಿಂಗಳು ಅಲುಗಾಡದೆ ಮಲಗಬೇಕು, ಆಮೇಲೆ ನಡೆದರೆ ನಡೆದರು ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಯಲ್ಲಿ ನಾವಿಬ್ಬರು, ಅತ್ತೆ, ಮೂವರು ಮಕ್ಕಳು. ದುಡಿಯುವ ಕೈ ಮಂಚದ ಮೇಲಿತ್ತು. ಕೋಳಿಗಳು ಒಂದೊಂದಾಗಿ ಹೋದವು. ಅಕ್ಕಿ ಮುಗಿಯಿತು. ಆಮೇಲೆ ಮುದ್ದೆ ಹೋಗಿ ಅಂಬಲಿ ಬಂತು. ಅಂಬಲಿ ದಿನದಿನಕ್ಕೂ ತಿಳಿಯಾಗುತ್ತಾ ಹೋಯಿತು. ನಮ್ಮತ್ತೆ ಲೋಟದೊಳಗೆ ನೋಡಿ, "ಇದ್ರಲ್ಲಿ ನನ್ನ ಮುಖ ಕಾಣ್ತದೆ ಕಣಮ್ಮಿ, ಬಾಚಣಿಗೆ ಕೊಡು" ಎನ್ನುತ್ತಿದ್ದರು.

ಯಾರಿಗೂ ಹೇಳಲಿಲ್ಲ. ಅಳೆದು ಕೊಡುತ್ತಿದ್ದವಳು ಹೋಗಿ ಚೀಲ ಹಿಡಿಯುವುದು ಹೇಗೆ? ಯಜಮಾನರನ್ನು ಬಿಟ್ಟು ಬರುವ ಹಾಗಿಲ್ಲ ಎಂದು ಭಾನುವಾರದ ಆರಾಧನೆಯನ್ನೂ ಬಿಟ್ಟೆ. ಅದು ಅರ್ಧ ನಿಜ. ಮುಖ ಒಣಗಿದ್ದು ಕಾಣುತ್ತದೆ ಎನ್ನುವುದು ಉಳಿದರ್ಧ.

ಒಂದು ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಹಿಡಿಯಕ್ಕಿಯ ಚೀಲ. ನನ್ನದೇ ಚೀಲ, ಎಲ್ಲಿ ಕಂಡರೂ ಗೊತ್ತಾಗುತ್ತದೆ. ಬಾಯಿ ಬಿಚ್ಚಿ ನೋಡಿದೆ. ಕಲ್ಲು, ನೆಲ್ಲು, ನುಚ್ಚು, ಎಲ್ಲ ಹಾಗೇ ಇದೆ. ನನಗೆ ತಕ್ಷಣ ಅರ್ಥವಾಯಿತು. ಮೇಸ್ತ್ರಿ ಹೆಂಡತಿ ಬರುತ್ತಿಲ್ಲ, ಆರಿಸುವವರು ಇನ್ಯಾರಿದ್ದಾರೆ, ಕೆಲಸವನ್ನು ಮನೆಗೇ ಕಳಿಸಿದ್ದಾರೆ. ನಿಜ ಹೇಳುತ್ತೇನೆ, ಒಂದು ಕ್ಷಣ ಖುಷಿಯೂ ಆಯಿತು. ನಾನಿಲ್ಲದೆ ಇವರಿಗೆ ಒಂದು ಕಲ್ಲು ಆರಿಸಲು ಬರುವುದಿಲ್ಲ ಎಂದುಕೊಂಡೆ.

ಆ ವಾರವೆಲ್ಲ ಮಂಚದ ಪಕ್ಕದಲ್ಲಿ ಕೂತು ಆರಿಸಿದೆ. ಅತ್ತೆ ಎದುರಿಗೆ ಕೂತು ನೋಡುತ್ತಿದ್ದರು.

"ಒಂದು ಪಾವು ಗಂಜಿಗೆ ತಕ್ಕೊಳ್ಳೇ."

"ದೇವ್ರ ಅಕ್ಕಿ ಅತ್ತೆ."

"ದೇವ್ರು ಎಣಿಸ್ಕೊಂಡು ಕೂತವ್ನಾ?"

"ಅವ್ನು ಎಣಿಸ್ದಿದ್ರೂ ನಾನು ಅಳ್ದಿದೀನಿ."

ಶುಕ್ರವಾರ ಸಂಜೆ ಚೀಲ ಹೊತ್ತುಕೊಂಡು ಹೋಗಿ ಹಿಂದಿನ ಕೋಣೆಯಲ್ಲಿಟ್ಟು ಬಂದೆ. ಸೋಮವಾರ ಬೆಳಿಗ್ಗೆ ನೋಡಿದರೆ ಚೀಲ ಮತ್ತೆ ಜಗಲಿಯಲ್ಲಿ, ಹೋದ ವಾರಕ್ಕಿಂತ ಭಾರ. ಈ ವಾರ ಜನ ಧಾರಾಳವಾಗಿ ಕೊಟ್ಟಿದ್ದಾರೆ ಎಂದುಕೊಂಡೆ. ಕೆಳಗಿನ ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ. ಕಲ್ಲಿಗಾಗಿ ನಾನು ಬೈಯುತ್ತಿದ್ದದ್ದು ಕೊನೆಗೂ ಸಭೆಗೆ ತಟ್ಟಿತು, ಮನೆಯಲ್ಲೇ ಆರಿಸಿ ತರುತ್ತಿದ್ದಾರೆ ಎಂದು ಇನ್ನೂ ಉಬ್ಬಿದೆ.

ಆ ವಾರ ಆಗಿನ ಹಿರಿಯ ಅಯ್ಯನವರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಮೂಲೆಯ ಚೀಲವನ್ನು ನೋಡಿ ಮೆಲ್ಲಗೆ, "ಎಲ್ಲ ಸರಿಯಾಗಿದೆಯಾ ಅಮ್ಮ?" ಎಂದರು. ನಾನು, "ಕಲ್ಲು ಈಗ ಕಮ್ಮಿ ಅಯ್ನೋರೇ, ಮೊದಲ್ನೇ ವಾರ ವಿಪರೀತ ಇತ್ತು" ಎಂದೆ. ಅವರು ಏನು ತಿಳಿದುಕೊಂಡರೋ, ತಲೆ ತಗ್ಗಿಸಿ ಹೊರಟುಹೋದರು. ಕೊಡುವವರ ಹೆಸರು ತೆಗೆದುಕೊಳ್ಳುವವರಿಗೆ ತಿಳಿಯಬಾರದು, ತೆಗೆದುಕೊಳ್ಳುವವರ ಮುಂದೆ ಆ ಮಾತು ಎತ್ತಬಾರದು ಎನ್ನುವುದು ನಮ್ಮ ಸಭೆಯ ಪದ್ಧತಿ. ಒಳ್ಳೆಯ ಪದ್ಧತಿಯೇ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಮಕ್ಕಳು ಹತ್ತು ದಿನ ಮೊದಲೇ ಅನ್ನ ಉಣ್ಣುತ್ತಿದ್ದವು.

ಯಜಮಾನರಿಗೆ ಎರಡನೇ ವಾರವೇ ಅನುಮಾನ ಬಂದಿತ್ತು. ಸೂರು ನೋಡುತ್ತಾ ಮಲಗಿದವರಿಗೆ ಯೋಚಿಸಲು ಬೇಕಾದಷ್ಟು ಹೊತ್ತಿರುತ್ತದೆ.

"ಅದು ನಮ್ಗೇ ಇರ್ಬೋದು ಕಣೆ" ಎಂದರು.

"ನಮ್ಗ್ಯಾಕೆ? ನಾವೇನು ಬಡವ್ರಾ?"

"ಇಲ್ಲ ಬುಡು. ಸಾವ್ಕಾರ್ರು. ಒಂದು ಲೋಟ ಅಂಬ್ಲಿ ಕೊಡು" ಎಂದರು.

ನಾನು ಪ್ರಾರ್ಥನೆ ಬಿಟ್ಟಿರಲಿಲ್ಲ. ಯೇಸುಸ್ವಾಮಿಯ ಮುಂದೆ ನಯವಾಗಿ ಮಾತಾಡಲು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಹಗಲು ಮಕ್ಕಳು ಸ್ಕೂಲಿಗೆ ಹೋದ ಮೇಲೆ ಮೂಲೆಯಲ್ಲಿ ಮೊಣಕಾಲೂರಿ, "ಅವ್ರನ್ನ ಎಬ್ಬಿಸು ಅಂತ ಕೇಳಿ ಕೇಳಿ ಸಾಕಾಯ್ತು. ಅದು ತಡ ಆದ್ರೆ ಆಗ್ಲಿ. ಮಕ್ಳಿಗೆ ನಾಕು ಕಾಳು ಅಕ್ಕಿ ಕೊಡಾಕೂ ನಿನ್ನ ಕೈಲಿ ಆಗಾಕಿಲ್ವಾ?" ಎಂದು ಜಗಳ ಕಾಯುತ್ತಿದ್ದೆ. ಹೊಟ್ಟೆ ಹಸಿದು ಸುಸ್ತಾಗುತ್ತಿತ್ತು, ನೆಟ್ಟಗೆ ಕೂರಲಾಗುತ್ತಿರಲಿಲ್ಲ. ಮೂಲೆಯಲ್ಲಿದ್ದ ಆ ಚೀಲದ ಮೇಲೆ ಮೊಣಕೈ ಊರಿ, ಅದಕ್ಕೇ ತಲೆ ಆನಿಸಿಕೊಂಡು ಕೇಳುತ್ತಿದ್ದೆ.

ಮೂರನೇ ಶುಕ್ರವಾರ ಚೀಲ ಎಷ್ಟು ಭಾರವಾಗಿತ್ತು ಎಂದರೆ ಜಗಲಿಯವರೆಗೆ ಎಳೆದು ತಂದೆನೇ ಹೊರತು ತಲೆಗೆ ಎತ್ತಲಾಗಲಿಲ್ಲ. ಬೀದಿಯಲ್ಲಿ ಶಾಂತಮ್ಮ ನಾಟಿ ಮುಗಿಸಿಕೊಂಡು ಬರುತ್ತಿದ್ದಳು, ಮೊಣಕಾಲವರೆಗೂ ಕೆಸರು.

"ಶಾಂತಮ್ಮ, ಒಂದು ಕೈ ಕೊಡು. ತಲೆ ಮೇಲಕ್ಕೆ ಎತ್ತು."

"ಎಲ್ಲಿಗೆ ಒತ್ಕೊಂಡು ಓಗಿಯಕ್ಕ ಇದ?"

"ಎಲ್ಲಿಗೆ ಅಂದ್ರೆ? ದೇವಾಲ್ಯಕ್ಕೆ. ಬಡವ್ರಿಗೆ."

ಅವಳು ಚೀಲ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಆ ಕೆಸರು ಸೀರೆಯಲ್ಲೇ ಚೀಲದ ಮೇಲೆ ಕೂತುಬಿಟ್ಟಳು.

"ಏಳೇ. ದೇವ್ರ ಅಕ್ಕಿ ಮೇಲೆ ಕೂತ್ಕೋತಾರಾ?"

"ಏಳಾಕಿಲ್ಲ. ಏನಮ್ಮಿ ನಿಂದು ದೌಲತ್ತು? ಮೇಸ್ತ್ರಿ ಮಕ್ಳು ಅಂಬ್ಲಿ ಕುಡ್ಕೊಂಡವೆ, ನಮ್ಮ ಪಾಲೂ ಅವ್ರಿಗೇ ಕೊಡಿ ಅಂತ ನಾವು ಮೂರು ಮನೆಯೋರು ಮೇಷ್ಟ್ರಿಗೆ ಏಳಿ ಬುಟ್ಟಿದೀವಿ. ಪಾಪ ಅವ್ರು ಈ ವಯಸ್ನಲ್ಲಿ ಕೋಳಿ ಕೂಗಾಕ್ಕೆ ಮುಂಚೆ ಎದ್ದು ಸೈಕಲ್ ಮೇಲೆ ತಂದು ಇಲ್ಲಿ ಮಡಗಿ ಓಯ್ತಾರೆ. ನೀನು ತಿರ್ಗಾ ಒತ್ಕೊಂಡು ಓಗಿ ಅಲ್ಲೇ ಎಸ್ದು ಬತ್ತೀಯ. ಉಲ್ಲು ಮೆದೆ ಮೇಲೆ ನಾಯಿ ಮನಿಕ್ಕಂಡಂಗೆ. ತಾನೂ ತಿನ್ನಾಕಿಲ್ಲ, ಎತ್ಗೂ ಬುಡಾಕಿಲ್ಲ."

ತಲೆಯ ಮೇಲಿಟ್ಟುಕೊಂಡಿದ್ದ ಸಿಂಬೆಯನ್ನು ಕೆಳಗಿಳಿಸಿದೆ.

"ಆರ್ಸಾಕೆ ಕಳ್ಸವ್ರೆ ಅಂದ್ಕೊಂಡಿದ್ದೆ."

"ಏನು?"

"ಕಲ್ಲು ಆರ್ಸಾಕೆ."

ಶಾಂತಮ್ಮ ನನ್ನ ಮುಖವನ್ನೇ ನೋಡಿದಳು. ಅವಳ ತುಟಿ ನಡುಗಿತು. ಅಳುತ್ತಾಳೆ ಎಂದುಕೊಂಡೆ. ಅವಳು ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಚೀಲದಿಂದ ಜಾರಿ ಜಗಲಿಯ ಮೇಲೆ ಕುಸಿದು ಕೂತು ನಕ್ಕಳು. ಅತ್ತೆ ಒಳಗಿನಿಂದ, "ಏನ್ರೇ ಅದು?" ಎಂದು ಕೂಗಿದರು.

"ನಿಮ್ಮ ಸೊಸೆ ಕಣಜ್ಜಿ. ನಿಮ್ಗೆ ಕೊಟ್ಟ ಅಕ್ಕೀನ ಮೂರು ವಾರದಿಂದ ಕಲ್ಲು ಆರ್ಸಿ ಆರ್ಸಿ ವಾಪಸ್ ಕಳಿಸವ್ಳೆ."

ಒಳಗಿನಿಂದ ಅತ್ತೆಯ ದನಿ, "ಒಂದು ಪಾವು ತಕ್ಕೊ ಅಂತ ನಾನು ಅವತ್ತೇ ಬಡ್ಕಂಡೆ."

ನೀವು ನಗುತ್ತಿರಬಹುದು, ನಗಿ. ನನಗೆ ಆಗ ನಗು ಬರಲಿಲ್ಲ. ಇಪ್ಪತ್ತೆರಡು ಮನೆಗೂ ಗೊತ್ತು. ಮೂರು ವಾರದಿಂದ ಗೊತ್ತು. ನನ್ನ ಸೇರಿನ ಮುಂದೆ ಚೀಲ ಹಿಡಿದು ನಿಂತವರು ನನಗಾಗಿ ಹಸಿದಿದ್ದಾರೆ. ಕಾಲಡಿಯ ಕಲ್ಲು ಚಪ್ಪಡಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ.

"ನಂಗೆ ಬ್ಯಾಡ" ಎಂದೆ. "ನಿಮ್ಮ ಪಾಲು ನೀವು ತಕ್ಕೊಂಡು ಓಗಿ."

ಶಾಂತಮ್ಮ ನಗು ನಿಲ್ಲಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನೋಡಕ್ಕ, ನಾನು ಎರಡು ವರ್ಷ ತಿಂದಿವ್ನಿ. ಸಾಯ್ಲಿಲ್ಲ. ನಿನ್ನ ಮುಂದೆ ಚೀಲ ಇಡ್ಕೊಂಡು ನಿಂತ್ಕಳಾಕೆ ನಂಗೇನು ಹಬ್ಬ ಅನ್ಕೊಂಡಿದ್ಯಾ? ಮಕ್ಳು ಉಣ್ಬೇಕಲ್ಲ, ನಿಂತ್ಕಂಡೆ. ನೀನೂ ನಿಂತ್ಕೊ. ಏನಾಯ್ತದೆ?"

ಚೀಲದ ಕಡೆ ನೋಡಿದೆ. ಮೇಲ್ಭಾಗದಲ್ಲಿ ಎರಡು ಗುಳಿ ಬಿದ್ದಿದ್ದವು. ಶಾಂತಮ್ಮ ಕೂತ ಗುಳಿ ಎಂದುಕೊಂಡೆ. ಅಲ್ಲ, ಅಷ್ಟು ಚಿಕ್ಕವು ಅವಳವಾಗಿರಲು ಸಾಧ್ಯವಿಲ್ಲ, ಅಂಚಿನಲ್ಲಿದ್ದವು. ನನ್ನ ಮೊಣಕೈಗಳವು. ವಾರವೆಲ್ಲ ಅಲ್ಲಿ ಊರಿಕೊಂಡೇ ಅಕ್ಕಿ ಕೊಡು ಎಂದು ಕೇಳಿದ್ದೆ. ಕೊಟ್ಟಾಗಿತ್ತು. ಕೊಟ್ಟದ್ದಕ್ಕೇ ತಲೆ ಆನಿಸಿಕೊಂಡು, ನಿನ್ನ ಕೈಲಾಗುವುದಿಲ್ಲವೇ ಎಂದು ಅವನನ್ನೇ ಬೈದಿದ್ದೆ.

ಆಗ ನಗು ಬಂತು. ಎಲ್ಲಿಂದ ಬಂತೋ, ತಡೆಯಲಾಗಲಿಲ್ಲ. ನಾನು ನಕ್ಕಿದ್ದು ನೋಡಿ ಶಾಂತಮ್ಮನಿಗೆ ಮತ್ತೆ ಶುರುವಾಯಿತು. ಚೀಲದ ಒಂದು ಕಿವಿ ಅವಳು ಹಿಡಿದಳು, ಇನ್ನೊಂದು ನಾನು. ಹೊರಗೆ ಹೋಗಬೇಕಿದ್ದ ಚೀಲ ಒಳಗೆ ಬಂತು.

ಅಂದು ಸಂಜೆ ಒಲೆ ಹಚ್ಚಿದೆವು. ಇದಕ್ಕೆ ಅನ್ನ ಮಾಡಲು ಹೋಗಬಾರದು, ಹುರುಳಿಕಾಳು ಹಾಕಿ ಗಂಜಿ ಮಾಡಬೇಕು, ಎರಡು ವರ್ಷದ ಅನುಭವ ನನ್ನದು ಎಂದು ಶಾಂತಮ್ಮ ಹೇಳಿದಳು. ನಾನು ಕೇಳಲಿಲ್ಲ. ಮಕ್ಕಳಿಗೆ ಅನ್ನ ಎಂದು ಹೇಳಿಯಾಗಿತ್ತು. ಸಣ್ಣಕ್ಕಿ ಬೆಂದು ಅಂಟಾಯಿತು, ಹೊಸ ಅಕ್ಕಿ ಮುದ್ದೆಯಾಯಿತು, ಕುಸುಬಲಕ್ಕಿ ನನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಹಾಗೇ ಕೂತಿತ್ತು. ಯಜಮಾನರ ಬಾಯಿಗೆ ಒಂದು ತುತ್ತು ಇಟ್ಟೆ. ಅವರು ಅಗಿದರು, ನಿಲ್ಲಿಸಿದರು, ಮತ್ತೆ ಅಗಿದರು.

"ಸುಣ್ಣವೂ ಅದೆ, ಜಲ್ಲೀನೂ ಅದೆ" ಎಂದರು. "ನಾನು ಎದ್ದು ಕೂರೋಂಗಾದ್ರೆ ಇದ್ರಲ್ಲೇ ಒಂದು ಗೋಡೆ ಎಬ್ಬಿಸ್ಬೋದು ಕಣೆ."

ಶಾಂತಮ್ಮ ಒಲೆಯ ಮುಂದಿನಿಂದ, "ಬಿಟ್ಟಿ ಅಕ್ಕಿ ಕಣಣ್ಣ, ಬೆಂದುದ್ದೇ ಎಚ್ಚು" ಎಂದಳು.

ನಾನು ಅವಳ ಕಡೆ ನೋಡಿದೆ. ಅವಳೂ ನೋಡಿದಳು. ತಪ್ಪಾಯಿತು ಎಂದು ನಾನು ಹೇಳಲಿಲ್ಲ. ಆ ಮಾತು ನನ್ನ ನಾಲಿಗೆಗೆ ಬೇಗ ಬರುವುದಿಲ್ಲ. ಮೊದಲ ತಟ್ಟೆಯನ್ನು ಅವಳ ಮುಂದಿಟ್ಟೆ, ತಲೆ ಸವರದೆ ಬಡಿಸಿದೆ. ಅವಳು ತಟ್ಟೆ ನೋಡಿ, "ಇದ್ಯಾಕಮ್ಮಿ, ನನ್ನ ಕೊಲ್ಲಾಕಾ?" ಎಂದಳು. ಯಜಮಾನರು ನಕ್ಕರು. ಬಿದ್ದ ಮೇಲೆ ಅದೇ ಮೊದಲು. ನಕ್ಕರೆ ಬೆನ್ನು ನೋಯುತ್ತಿತ್ತು. "ಅಯ್ಯೋ, ನಗಿಸ್ಬೇಡ್ರೇ, ಸಾಯ್ತೀನಿ" ಎನ್ನುತ್ತಾ ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕರು. ಹಲ್ಲಿಲ್ಲದ ಅತ್ತೆ ಮೆತ್ತಗಿನದನ್ನೆಲ್ಲ ಆರಿಸಿ ತಾವು ತಿಂದು ಗಟ್ಟಿ ಕಾಳುಗಳನ್ನು ಮಕ್ಕಳ ತಟ್ಟೆಗೆ ದೂಡಿದರು. ಮಕ್ಕಳು ಅದನ್ನು ಕಡಲೆಪುರಿಯ ಹಾಗೆ ಕಟಕಟ ಅಗಿದವು. ಆರು ವಾರದ ನಂತರ ನಮ್ಮ ಮನೆಯಲ್ಲಿ ಊಟದ ಸದ್ದು ಕೇಳಿತು.

ನನ್ನ ತಟ್ಟೆಯಲ್ಲಿದ್ದ ಒಂದೊಂದು ಕಾಳೂ ಯಾರ ಮನೆಯದು ಎಂದು ನನಗೆ ಗೊತ್ತಿತ್ತು. ವರ್ಷಗಟ್ಟಲೆ ಆರಿಸಿದವಳು ನಾನು. ಇದು ಮೇಷ್ಟ್ರ ಮನೆಯದು, ಇದು ಕೆರೆ ಏರಿ ಕಡೆಯವರದು, ಈ ನುಚ್ಚು ತಮಗೇ ಇಲ್ಲದವರದು. ಅವರೆಲ್ಲ ನನ್ನ ತಟ್ಟೆಯಲ್ಲಿ ಕೂತಿದ್ದರು. ಅನ್ನ ಚೆನ್ನಾಗಿರಲಿಲ್ಲ. ಎರಡು ಸಲ ಹಾಕಿಸಿಕೊಂಡೆ.

ಆಮೇಲೆ ಕಷ್ಟ ತೀರಿತು ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಯಜಮಾನರು ಕೋಲು ಹಿಡಿದು ನಡೆಯಲು ಒಂದು ವರ್ಷದ ಮೇಲಾಯಿತು. ಮತ್ತೆ ಎತ್ತರದಲ್ಲಿ ನಿಂತು ಕೆಲಸ ಮಾಡಲಿಲ್ಲ. ಕೆಳಗೆ ಕೂತು ಬೇರೆಯವರಿಗೆ ಕೆಲಸ ಕಲಿಸಿದರು, ಬೈದರು. ಅವರು ಹೋಗಿ ಆರು ವರ್ಷವಾಯಿತು. ಮಗ ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಾನು ನಂಜನಗೂಡಿಗೆ ಬಂದೆ. ಇಷ್ಟರ ನಡುವೆ ಅಳುವಂಥದ್ದು ಬೇಕಾದಷ್ಟು ನಡೆದಿದೆ, ಅತ್ತಿದ್ದೇನೆ. ಆದರೆ ಆ ಸಂಜೆ ಒಳಗೆ ಬಂದ ಸಂತೋಷ ಅಳುವಾಗಲೂ ಎದ್ದು ಹೋಗಲಿಲ್ಲ. ನೆಂಟರ ಹಾಗೆ ಬಂದದ್ದಲ್ಲ, ಮನೆಯವರ ಹಾಗೆ ಇದ್ದುಬಿಟ್ಟಿತು. ಯಜಮಾನರು ತೀರಿಕೊಂಡ ವಾರ ಯೇಸುಸ್ವಾಮಿಯ ಮುಂದೆ ಕೂತು, ನನ್ನನ್ನು ಒಬ್ಬಳನ್ನೇ ಬಿಟ್ಟೆಯಲ್ಲ ಎಂದು ಜಗಳ ಶುರು ಮಾಡಿದ್ದೆ. ಅರ್ಧದಲ್ಲಿ ನೆನಪಾಯಿತು, ಯಾವುದಕ್ಕೆ ಒರಗಿಕೊಂಡಿದ್ದೇನೆ ಎಂದು ಹಿಂದೆ ತಿರುಗಿ ನೋಡಿದೆ. ಸೊಸೆ ಒಂದು ಗಂಟೆಯಿಂದ ನನ್ನ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದಳು. ಜಗಳ ಅಲ್ಲಿಗೇ ನಿಂತಿತು. ಈಗ ಮೊಣಕಾಲು ಊರಲಾಗುವುದಿಲ್ಲ, ಕುರ್ಚಿಯಲ್ಲಿ ಕೂತು ಪ್ರಾರ್ಥನೆ ಮಾಡುತ್ತೇನೆ. ಏನಾದರೂ ಕೇಳುವ ಮೊದಲು ಸುತ್ತ ಕೈಯಾಡಿಸಿ ನೋಡುವುದು ರೂಢಿಯಾಗಿದೆ.

ಬರೆಯಲು ಕೂತಾಗ ಅಯ್ಯನವರ ತಪ್ಪು ತಿದ್ದಬೇಕು ಎಂದಷ್ಟೇ ಇತ್ತು. ಇಷ್ಟು ಬರೆದ ಮೇಲೆ, ಅವರು ಪೂರಾ ತಪ್ಪು ಹೇಳಲಿಲ್ಲ, ಬೇರೆ ಕಡೆ ಬೆರಳು ತೋರಿಸಿದರು ಅನ್ನಿಸುತ್ತಿದೆ. ಚೀಲ ತುಂಬಿದ್ದರಲ್ಲಿ ಪವಾಡವಿಲ್ಲ. ನಾನು ಯಾರಿಗೆ ಸೇರಿನ ತಲೆ ಸವರಿ ಅಳೆದು ಕೊಟ್ಟೆನೋ, ಯಾರನ್ನು ನಾಲ್ಕು ಜನರ ಮುಂದೆ ಹಂಗಿಸಿದೆನೋ, ಆ ಶಾಂತಮ್ಮ ತನ್ನ ಇಬ್ಬರು ಮಕ್ಕಳ ಪಾಲನ್ನು ನನ್ನ ಮೂವರು ಮಕ್ಕಳಿಗೆ ಬಿಟ್ಟಳಲ್ಲ, ಪವಾಡ ಬೇಕೇ ಬೇಕು ಎಂದರೆ ಅದನ್ನು ಬರೆದುಕೊಳ್ಳಿ ಅಯ್ಯನವರೇ. ಮುಂದಿನ ಸಲ ಹೇಳುವಾಗ ಅವಳ ಹೆಸರು ಹಾಕಿ. ಅವಳೀಗ ಇಲ್ಲ, ನಾಚಿಕೆಯಾಗುತ್ತದೆ ಎನ್ನುವವರು ಯಾರೂ ಇಲ್ಲ. ಇದ್ದಿದ್ದರೂ ಅವಳಿಗೆ ನಾಚಿಕೆಯಾಗುತ್ತಿರಲಿಲ್ಲ.

ಅಂದು ಊಟ ಮುಗಿಸಿ, ಮೂರು ಮನೆಗೂ ಅವರವರ ಪಾಲು ಅಳೆದು ಕಟ್ಟಿಕೊಟ್ಟಾಗ, ಶಾಂತಮ್ಮ ಹೊಸ್ತಿಲಲ್ಲಿ ನಿಂತು ಕೇಳಿದ್ದಳು.

"ನಾಳೆ ನಾಟಿಗೆ ಬತ್ತೀಯಾ? ಆಳು ಕಮ್ಮಿ ಅವ್ರೆ."

ಮೇಸ್ತ್ರಿ ಹೆಂಡತಿ ಇನ್ನೊಬ್ಬರ ಗದ್ದೆಗೆ ಇಳಿದವಳಲ್ಲ. ಪೈರು ಹಿಡಿಯಲೂ ಗೊತ್ತಿರಲಿಲ್ಲ. ನೋಡೋಣ ಎಂದಿದ್ದೆ.

ಮಾರನೆಯ ಬೆಳಿಗ್ಗೆ ಬೇಗ ಎದ್ದು, ಯಜಮಾನರ ಮೈ ಒರೆಸಿ, ಅತ್ತೆಗೆ ಒಲೆ ಒಪ್ಪಿಸಿ, ಸೀರೆ ಎತ್ತಿ ಕಟ್ಟಿ ಕಾಲುವೆ ಬಯಲಿನ ಗದ್ದೆಗೆ ಹೋದೆ. ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿದ್ದರು. ಕೆಸರಿಗೆ ಇಳಿದ ಮೊದಲ ಹೆಜ್ಜೆಗೇ ಮಂಡಿಯವರೆಗೂ ಹೂತುಹೋದೆ, ಎಲ್ಲರೂ ನಕ್ಕರು. ನಾನು ನೆಟ್ಟ ಸಾಲು ಹಾವು ಹರಿದ ಹಾಗಿತ್ತು. ಅರ್ಧ ಪೈರು ಬೇರು ಊರದೆ ನೀರಿನ ಮೇಲೆ ತೇಲಿತು. ಶಾಂತಮ್ಮ ತನ್ನ ಸಾಲು ಬಿಟ್ಟು ಪಕ್ಕಕ್ಕೆ ಬಂದು, ನಾನು ನೆಟ್ಟದ್ದನ್ನೆಲ್ಲ ಕಿತ್ತು ಮತ್ತೆ ನೆಡುತ್ತಾ ಬಂದಳು. ಅವಳ ಸಾಲು ಹಿಂದೆ ಬಿತ್ತು. ನಾನು ನೋಡಿದೆ. ಬೇಡ ಎನ್ನಲಿಲ್ಲ.